ಮ್ಯಾಚ್ ದಿನದ ಐದೂವರೆ ಬಸ್ಸು

“ಈ ಟ್ರ್ಯಾಕ್ಟರ್ ಯಾರದರೀ? ಡ್ರೈವರ್ ಎಲ್ಲ್ಯದಾನ?”

ಮೂರನೇ ಸಲ ಕೂಗಿದೆ. ಒಬ್ಬರೂ ತಿರುಗಿ ನೋಡಲಿಲ್ಲ. ಟ್ರ್ಯಾಕ್ಟರ್ ರೋಣದ ಮೈದಾನದ ಗೇಟಿನ ಎದುರಿಗೆ ರಸ್ತೆಗೆ ಅಡ್ಡ ನಿಂತಿತ್ತು. ಅದಕ್ಕೆ ಜೋಡಿಸಿದ ಟ್ರೇಲರ್ ಉಳಿದ ರಸ್ತೆಯನ್ನೂ ತಿಂದಿತ್ತು. ಅದರ ಹಿಂದೆ ಬೆಳವಣಕಿಗೆ ಹೋಗುವ ಐದೂವರೆ ಬಸ್ಸು. ಬಸ್ಸಿನ ಹಿಂದೆ ಬೈಕುಗಳು, ಟಂಟಂ ಆಟೋಗಳು, ಹತ್ತಿ ಹೇರಿದ ಒಂದು ಲಾರಿ. ಎಲ್ಲರೂ ಹಾರ್ನ್ ಹೊಡೆಯುತ್ತಿದ್ದರು. ಹಾರ್ನಿಗೆ ಹೆದರಿ ಟ್ರ್ಯಾಕ್ಟರ್ ತಾನೇ ಓಡುತ್ತದೆ ಎಂದು ತಿಳಿದಿದ್ದರೋ ಏನೋ.

ಮಿರ್ಚಿ ಗಾಡಿಯವನು ಎಣ್ಣೆಯ ಮೇಲಿಂದ ಕಣ್ಣೆತ್ತದೆ ಹೇಳಿದ, “ಡ್ರೈವರ್ ಒಳಗ ಅದಾನ.”

“ಒಳಗ ಏನ ಮಾಡಾಕತ್ತಾನ? ಹೊರಗ ಕರೀರಿ.”

“ಆಡಾಕತ್ತಾನ. ರೈಡರ್ ಅವನ ಅದಾನ.”

ಒಳಗೆ ಓಡಿದೆ. ಕಬಡ್ಡಿ ಮ್ಯಾಚು ನಡೆದಿತ್ತು. ಟ್ರ್ಯಾಕ್ಟರಿನ ಡ್ರೈವರ್ ಮುತ್ತಪ್ಪ, ಎಲ್ಲರ ಬಾಯಲ್ಲಿ ಮುತ್ತ್ಯಾ, ಚಡ್ಡಿಯ ಮೇಲೆ ಬನಿಯನ್ ಹಾಕಿಕೊಂಡು ಎದುರಾಳಿಗಳ ನಡುವೆ ಜಿಗಿಯುತ್ತಿದ್ದ. ಕೀಲಿ ಅವನ ಉಡದಾರಕ್ಕೆ ಕಟ್ಟಿತ್ತು. ಅವನು ಜಿಗಿದ ಹಾಗೆಲ್ಲ ಅದೂ ಜಿಗಿಯುತ್ತಿತ್ತು. ನಾನು ಗೆರೆಯ ಹತ್ತಿರ ನಿಂತು ಕೈ ಚಾಚಿದೆ.

“ಕೀಲಿ ಕೊಡೋ!”

ಅವನು ಕಬಡ್ಡಿ ಕಬಡ್ಡಿ ಅನ್ನುತ್ತಿದ್ದ, ಉತ್ತರ ಹೇಗೆ ಕೊಡಬೇಕು? ಜನ ಕೊಟ್ಟರು. “ಹೋಮ್ ಗಾರ್ಡನ್ನೂ ಟೀಮಿನ್ಯಾಗ ತೊಗೊಂಡಾರೇನ್ರೋ?” “ಏ ಟೊಪ್ಪಿಗಿ, ಕುಂದ್ರೋ ಕೆಳಗ!”

ರೈಡ್ ಮುಗಿಸಿ ಬಂದವನು ಏದುಸಿರು ಬಿಡುತ್ತ ಹೇಳಿದ, “ಅಣ್ಣಾ, ಇನ್ನ ನಾಕ ಪಾಯಿಂಟ್ ಐತಿ. ಆಮ್ಯಾಲ ನೀ ನನ್ನ ಜೇಲಿಗೆ ಹಾಕು.”

“ಕೀಲಿ ಕೊಟ್ಟ ಆಡೋ ಮಾರಾಯ.”

“ಗಂಟ ಬಿಗಿ ಆಗೈತಿ. ಬಿಚ್ಚಾಕ ಬರೂದಿಲ್ಲ.”

ಬರಿಗೈಯಲ್ಲಿ ಹೊರಗೆ ಬಂದೆ. ಬಸ್ಸಿನ ಕಿಟಕಿಯಿಂದ ಒಬ್ಬ ಹುಡುಗಿ ಕರೆದಳು. ಹೆಸರು ರೇಣುಕಾ ಎಂದು ಆಮೇಲೆ ಗೊತ್ತಾಯಿತು. ಬೆಳವಣಕಿಯವಳು, ದಿನಾ ಬೆಳಿಗ್ಗೆ ರೋಣದ ಕಾಲೇಜಿಗೆ ಬಂದು ಸಂಜೆ ಇದೇ ಬಸ್ಸಿಗೆ ಹೋಗುವವಳು. ಅವಳಿಗೆ ಅದು ಬಿ.ಎ. ಕಡೆಯ ವರ್ಷ.

“ಅಣ್ಣಾರ, ಬಸ್ ಯಾವಾಗ ಬಿಡತೈತ್ರಿ?”

“ಮ್ಯಾಚ್ ಮುಗದ ಮ್ಯಾಲ.”

“ದೀಪಾ ಹಚ್ಚೂದ್ರಾಗ ನಾ ಮನ್ಯಾಗ ಇರಬೇಕ್ರಿ. ಇಲ್ಲಂದ್ರ ನಮ್ಮಪ್ಪ ಕಾಲೇಜ್ ಬಿಡಸ್ತಾನ.”

“ನಾ ಏನ ಮಾಡ್ಲಿ ತಂಗಿ? ಟ್ರ್ಯಾಕ್ಟರ್ ಹೆಗಲ ಮ್ಯಾಲ ಹೊರಲೇನು?”

“ಹೊರ್ರಿ. ಅದಕ್ಕ ಅಲ್ಲೇನ್ರಿ ಖಾಕಿ ಕೊಟ್ಟಿದ್ದು?”

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಅವಳು ನಗಲಿಲ್ಲ. ಆ ದಿನ ಬಸ್ಸು ಬಿಟ್ಟದ್ದು ಕತ್ತಲಾದ ಮೇಲೆ.

ಕೆಲಸ ಅಂದರೆ ಇದು. ನಿವೃತ್ತಿ ಅಂದರೆ ಅರವತ್ತಕ್ಕೆ ಹಾರ ಹಾಕಿ ಕಳಿಸುತ್ತಾರಲ್ಲ, ಅದು. ನನಗೆ ಮೂವತ್ತಮೂರಕ್ಕೇ ಆಯಿತು, ಹಾರ ಇಲ್ಲದೆ. ಎಂಟು ವರ್ಷ ಹೋಮ್ ಗಾರ್ಡ್ ಆಗಿದ್ದೆ. ಹೆಸರು ಶರಣಪ್ಪ. ಓದಿದ್ದು ಏಳನೇತ್ತೆ, ಅದೂ ಪೂರ್ತಿ ಅಲ್ಲ. ಈಗ ಹಿಟ್ಟಿನ ಗಿರಣಿ ಇಟ್ಟಿದ್ದೇನೆ. ಹೊಸದಾಗಿ ಸೇರಿದ ಹುಡುಗರು ಜೋಳದ ಚೀಲ ಇಳಿಸಿ ಕೇಳುತ್ತಾರೆ, “ಅಣ್ಣಾ, ಮ್ಯಾಚ್ ಡ್ಯೂಟಿ ಹ್ಯಾಂಗರೀ? ಆರಾಮ ಇರತೈತೇನು?” ಗಿರಣಿಯ ಸದ್ದಿನಲ್ಲಿ ಕೂಗಿ ಕೂಗಿ ಹೇಳಿ ಗಂಟಲು ಹೋಗಿದೆ. ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಜಾಗ ತಿಳಿದುಕೊಳ್ಳಿ. ಮೈದಾನದ ಗೇಟು ನೇರ ರಸ್ತೆಗೆ ತೆರೆಯುತ್ತದೆ. ನಡುವೆ ಅಂಗಳ ಇಲ್ಲ, ಏನೂ ಇಲ್ಲ. ಎದುರಿಗೆ ಬಸ್ ನಿಲ್ಲುವ ಜಾಗ. ಸ್ವಲ್ಪ ಮುಂದೆ ಸಣ್ಣ ಸೇತುವೆ. ಇದನ್ನು ಬಿಟ್ಟು ಆ ಕಡೆ ಹೋಗಲು ಬೇರೆ ರಸ್ತೆ ಇಲ್ಲ. ಮ್ಯಾಚ್ ಇಲ್ಲದ ದಿನ ಇಲ್ಲಿ ನಾಯಿ ಮಲಗುತ್ತದೆ. ಮ್ಯಾಚ್ ದಿನ ನರಗುಂದದಿಂದ, ಗಜೇಂದ್ರಗಡದಿಂದ, ಎಲ್ಲ ಹಳ್ಳಿಗಳಿಂದ ಟ್ರ್ಯಾಕ್ಟರ್ ತುಂಬ ಜನ ಬರುತ್ತಾರೆ. ಗಿರಮಿಟ್ ಗಾಡಿ, ಮಿರ್ಚಿ ಗಾಡಿ, ಕಬ್ಬಿನ ಹಾಲಿನ ಗಾಡಿ ರಸ್ತೆಗೆ ಇಳಿಯುತ್ತವೆ. ಅದೇ ಹೊತ್ತಿಗೆ ಕಾಲೇಜು ಬಿಡುತ್ತದೆ, ಕಚೇರಿ ಬಿಡುತ್ತದೆ, ಹೊಳೆಆಲೂರಿಗೆ ಹೋಗಿ ರೈಲು ಹಿಡಿಯುವವರು ಚೀಲ ಹಿಡಿದು ಓಡುತ್ತಾರೆ. ಇಷ್ಟಕ್ಕೂ ಒಬ್ಬನೇ ಮನುಷ್ಯ, ಒಂದು ಲಾಠಿ, ಊದಲು ಒಂದು ಪೀಪಿ.

ಮೇಲೆ ಒಬ್ಬ ಸಾಹೇಬರು ಇರುತ್ತಾರೆ. ನಮ್ಮ ಸಾಹೇಬರು ಕೆಟ್ಟವರಲ್ಲ. ಆದರೆ ಅವರು ರಸ್ತೆಯನ್ನು ಜೀಪಿನಿಂದ ಮಾತ್ರ ನೋಡಿದವರು. ಜೀಪಿಗೆ ಎಲ್ಲರೂ ದಾರಿ ಬಿಡುತ್ತಾರೆ. ಹಾಗಾಗಿ ರಸ್ತೆ ಯಾವಾಗಲೂ ಖಾಲಿ ಇರುತ್ತದೆ ಎಂದು ಅವರ ತಿಳುವಳಿಕೆ.

ಆ ಟ್ರ್ಯಾಕ್ಟರ್ ಗದ್ದಲದ ಮರುವಾರ ಜೀಪು ನಿಲ್ಲಿಸಿ, ಕನ್ನಡಕ ಏರಿಸಿ ಹೇಳಿದರು, “ಶರಣಪ್ಪಾ, ಇವತ್ತ ಒನ್ ವೇ ಮಾಡು.”

“ಸಾಹೇಬ್ರ, ಇರೂದ ಒಂದ ರಸ್ತೆ ಅದರೀ.”

“ಅದಕ್ಕ ಒನ್ ವೇ ಅಂತಾರ.”

ಜೀಪು ಹೋಯಿತು. ನಾನು ಒನ್ ವೇ ಮಾಡಿದೆ. ಸೇತುವೆಯ ಆಚೆ ಹಗ್ಗ ಕಟ್ಟಿ, ಬೆಳವಣಕಿ ಕಡೆಯಿಂದ ಬರುವವರನ್ನೆಲ್ಲ ನಿಲ್ಲಿಸಿದೆ. ಹಿಂದಿನ ದಿನ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಆಗಿತ್ತು. ಬೈಕಿನವರು ಹಗ್ಗ ನೋಡಿ ಹೊಲಕ್ಕೆ ಇಳಿಸಿದರು. ನಮ್ಮದು ಎರೆ ಭೂಮಿ. ಹತ್ತು ಹೆಜ್ಜೆ ಹೋಗುವುದರಲ್ಲಿ ಗಾಲಿಗೆ ಮಣ್ಣು ಮೆತ್ತಿ, ಗಾಲಿ ತಿರುಗುವುದೇ ನಿಂತುಹೋಯಿತು. ಕಡಲೆ ಹೊಲದ ಯಜಮಾನ ಬಂದ. ಅವನು ಅವರನ್ನು ಬೈದ, ಅವರು ನನ್ನನ್ನು ಬೈದರು.

ಈ ಕಡೆ ನಾನು ಗೇಟಿನ ಮುಂದೆ ನಿಂತು ಹಿಗ್ಗುತ್ತಿದ್ದೆ. ರಸ್ತೆ ಖಾಲಿ. ಐದೂವರೆ ಆಯಿತು. ಬಸ್ಸು ಬರಲಿಲ್ಲ. ಐದೂ ಮುಕ್ಕಾಲು. ರೇಣುಕಾ ಮತ್ತು ಅವಳ ಜೊತೆಯ ಹುಡುಗಿಯರು ನನ್ನ ಮಾರಿ ನೋಡತೊಡಗಿದರು. ನಾನು ಬಸ್ಸಿನ ಡ್ರೈವರ್ ಹನಮಂತಣ್ಣನಿಗೆ ಫೋನ್ ಹಚ್ಚಿದೆ.

“ಅಣ್ಣಾ, ಎಲ್ಲಿ ಅದೀ? ಇವತ್ತ ರಸ್ತೆ ಬೆಣ್ಣಿ ಇದ್ದಂಗ ಐತಿ. ಲಗೂ ಬಾ.”

“ಲೇ ಶರಣ್ಯಾ, ನಿನ್ನ ಹಗ್ಗದ ಮುಂದ ಅದೀನಿ. ಅರ್ಧ ತಾಸ ಆತು.”

ಆಗ ತಲೆಗೆ ಹೊಳೆಯಿತು. ಐದೂವರೆಗೆ ಬೆಳವಣಕಿಗೆ ಹೋಗುವ ಬಸ್ಸು ಬೇರೆ ಎಲ್ಲಿಂದಲೂ ಬರುವುದಿಲ್ಲ. ಐದಕ್ಕೆ ಬೆಳವಣಕಿ ಬಿಟ್ಟದ್ದೇ ಇಲ್ಲಿಗೆ ಬಂದು ತಿರುಗಿ ಹೋಗಬೇಕು. ಅದನ್ನು ನಾನೇ ಕಟ್ಟಿ ಹಾಕಿದ್ದೆ. ಹೋಗಿ ಹಗ್ಗ ಬಿಚ್ಚಿದೆ. ಹನಮಂತಣ್ಣ ದಾಟುವಾಗ ಕಿಟಕಿಯಿಂದ ತಲೆ ಹಾಕಿ ನನ್ನನ್ನು ಒಂದೇ ನೋಟ ನೋಡಿದ. ಬೈದಿದ್ದರೆ ಚೆನ್ನಾಗಿತ್ತು.

ಹೊಸಬರಿಗೆ ಹೇಳುತ್ತೇನೆ. ನಿಲ್ಲಿಸುವ ಮೊದಲು, ಯಾರನ್ನು ನಿಲ್ಲಿಸುತ್ತಿದ್ದೇನೆ ಎಂದು ನೋಡಿ. ಸಾಹೇಬರು ಹೇಳಿದರು ಅಂತ ಮಾಡಿದರೆ, ಬೈಗುಳ ಸಾಹೇಬರಿಗೆ ಹೋಗುವುದಿಲ್ಲ.

ನಾನು ಸೇರಿದಾಗ ಹಗ್ಗ ಮತ್ತು ಬಾಯಿ, ಎರಡೇ. ಆಮೇಲೆ ಕಬ್ಬಿಣದ ಬ್ಯಾರಿಕೇಡ್ ಬಂದವು. ಜನ ಅವುಗಳ ಮೇಲೆ ಕೂತು ಮ್ಯಾಚ್ ನೋಡಿದರು. ಆಮೇಲೆ ಮೊಬೈಲಿನಲ್ಲಿ ಗ್ರೂಪ್ ಬಂತು. ಡ್ಯೂಟಿ ಮೇಲೆ ಇದ್ದೇವೆ ಎಂದು ತಾಸಿಗೊಂದು ಫೋಟೋ ಹಾಕಬೇಕು. ಹಿಂದೆ ರಸ್ತೆ ಕಾಣಬೇಕು. ಒಂದು ದಿನ ರಸ್ತೆಗೆ ಬೆನ್ನು ಮಾಡಿ ಫೋಟೋ ಹೊಡೆದುಕೊಳ್ಳುವಾಗ ನನ್ನ ಹಿಂದೆ ಒಂದು ಬೈಕು ಹೋಗಿ ಗಿರಮಿಟ್ ಗಾಡಿಗೆ ಗುದ್ದಿತು. ಚುರುಮುರಿ ಹಾರಿದ್ದು ಫೋಟೋದಲ್ಲಿ ಚೆನ್ನಾಗಿ ಬಂದಿದೆ. ಗ್ರೂಪಿನಲ್ಲಿ ಸಾಹೇಬರು ಹೆಬ್ಬೆರಳು ಹಾಕಿದರು.

ಇನ್ನು ಪೀಪಿಯ ವಿಷಯ. ಇದನ್ನು ಹೇಳಲು ಇವತ್ತಿಗೂ ಸಿಟ್ಟು ಬರುತ್ತದೆ.

ಜನವರಿಯಲ್ಲಿ ಮತ್ತೆ ಕಬಡ್ಡಿ. ಮತ್ತೆ ಮುತ್ತ್ಯಾನ ಟೀಮು. ಅವರ ಊರು ಗಜೇಂದ್ರಗಡ ಕಡೆಯದು. ಹೆಸರು ಬರೆದರೆ ನಾಳೆ ಟ್ರೇಲರ್ ತುಂಬಿಕೊಂಡು ಗಿರಣಿಗೆ ಬರುತ್ತಾರೆ, ಬೇಡ. ಆ ದಿನ ಟ್ರ್ಯಾಕ್ಟರನ್ನು ಮೊದಲೇ ದೂರ ಹಚ್ಚಿಸಿದ್ದೆ. ಬಸ್ಸು ಬಂದು ನಿಂತಿತ್ತು, ಹುಡುಗಿಯರು ಹತ್ತುತ್ತಿದ್ದರು. ಅಷ್ಟರಲ್ಲಿ ಒಬ್ಬ ಬೈಕಿನವನು ತಪ್ಪು ಕಡೆಯಿಂದ ನುಗ್ಗಿದ. ನಾನು ಎದೆಯಲ್ಲಿದ್ದ ಗಾಳಿಯನ್ನೆಲ್ಲ ಸೇರಿಸಿ ಪೀಪಿ ಊದಿದೆ.

ಬೈಕು ನಿಲ್ಲಲಿಲ್ಲ. ಮೈದಾನದ ಗೋಡೆಯ ಆಚೆ ಮುತ್ತ್ಯಾ ನಿಂತ.

ಕಬಡ್ಡಿ ಅಂಕಣ ಗೋಡೆಗೆ ಹತ್ತಿಕೊಂಡೇ ಇದೆ. ಅವನು ರೈಡ್‌ನ ನಡುವೆ ಇದ್ದ. ಅಂಪೈರ್ ಊದಿದ ಎಂದು ತಿಳಿದು, ಉಸಿರು ಬಿಟ್ಟು, ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತ. ಅಂಕಣದಲ್ಲಿ ಉಳಿದಿದ್ದ ಎದುರಾಳಿಗಳು ಐದೂ ಮಂದಿ ಅವನ ಮೇಲೆ ಬಿದ್ದರು. ಮ್ಯಾಚು ಹೋಯಿತು.

ಎರಡು ನಿಮಿಷ ಒಳಗೆ ಗದ್ದಲ. ಮೂರನೇ ನಿಮಿಷಕ್ಕೆ ಮೈದಾನವೆಲ್ಲ ರಸ್ತೆಗೆ ಬಂತು. “ಪೀಪಿ ಊದಿದಾವ ಎಲ್ಲಿ?” ನಾನು ಪೀಪಿಯನ್ನು ಕಿಸೆಗೆ ಹಾಕಿದ್ದೆ. ದಾರ ಕೊರಳಲ್ಲೇ ಇತ್ತು. ದಾರ ಹಿಡಿದು ನನ್ನನ್ನು ಎಮ್ಮೆಯ ಹಾಗೆ ಒಳಗೆ ಎಳೆದರು. ಅಂಪೈರ್ ತನ್ನ ಪೀಪಿ ಒಮ್ಮೆ ಊದಿದ, ನನ್ನದು ಒಮ್ಮೆ ಊದಿದ, ಮತ್ತೆ ತನ್ನದು ಊದಿದ. ಹಿರಿಯರು ಕಣ್ಣು ಮುಚ್ಚಿಕೊಂಡು ಕೇಳಿದರು.

“ಎರಡೂ ಒಂದ ಅಂಗಡಿ ಮಾಲ ಐತ್ರಿ,” ಎಂದು ಮುತ್ತ್ಯಾನ ಅಪ್ಪ ತೀರ್ಪು ಕೊಟ್ಟ. ಬಿಳಿ ಮೀಸೆಯ ಮುದುಕ, ಮಗ ಆಡುವ ಒಂದು ಮ್ಯಾಚನ್ನೂ ಬಿಟ್ಟವನಲ್ಲ.

ಅರ್ಧದಿಂದ ಮತ್ತೆ ಆಡಿಸಬೇಕು ಎಂದು ತೀರ್ಮಾನ ಆಯಿತು. ಗೆದ್ದ ಕಡೆಯವರು ಒಪ್ಪಲಿಲ್ಲ. ಒಪ್ಪಿಸುವಷ್ಟು ಹೊತ್ತೂ ಜನ ರಸ್ತೆಯಲ್ಲೇ ಇದ್ದರು. ಬಸ್ಸು ಅವರ ನಡುವೆ ಹುಗಿದ ಕಲ್ಲಿನ ಹಾಗೆ ನಿಂತಿತ್ತು. ಬೀದಿ ದೀಪ ಹತ್ತಿ ಎಷ್ಟೋ ಹೊತ್ತಾದ ಮೇಲೆ ಬಿಟ್ಟಿತು. ಕಿಟಕಿಯಲ್ಲಿ ರೇಣುಕಾ ಈ ಸಲ ಮೊಬೈಲು ಹಿಡಿದು ಕೂತಿದ್ದಳು. ಅಪ್ಪನಿಗೆ ಫೋನು ಮಾಡಿ ಮುಗಿದಿತ್ತು.

ಮರುದಿನ ಬೆಳಿಗ್ಗೆ ಬಸ್ಸಿನಿಂದ ಅವಳ ಜೊತೆ ಒಬ್ಬ ಹಿರಿಯ ಇಳಿದ. ಬಿಳಿ ಧೋತರ, ಕೈಯಲ್ಲಿ ಕೊಡೆ. ಅವಳ ಅಪ್ಪ ನಿಂಗಪ್ಪ. ನೇರ ನನ್ನ ಹತ್ತಿರ ಬಂದ.

“ಪೀಪಿ ಊದಿದಾವ ನೀನ ಏನಪಾ?”

“ಹೌದ್ರಿ ಕಾಕಾ.”

“ನಾ ಜಗಳಾ ತಗ್ಯಾಕ ಬಂದಿಲ್ಲ. ಆಟಾ ಆಡಬ್ಯಾಡ್ರಿ ಅನ್ನಾಕ ನಾ ಯಾರು? ನಾನೂ ಹರೇದಾಗ ಕುಸ್ತಿ ಹಿಡದಾವ. ಆದ್ರ ತಮ್ಮಾ, ನಿನ್ನಿ ನಾ ಸ್ಟಾಪಿನ್ಯಾಗ ಎರಡ ತಾಸ ನಿಂತೀನಿ. ಬಂದಾವ್ರು ಹೋದಾವ್ರು ಎಲ್ಲಾ ಕೇಳಿದ್ರು, ಮಗಳ ಇನ್ನ ಬಂದಿಲ್ಲೇನು ಅಂತ. ನೂರ ಮಂದಿಗೆ ನಾ ಏನಂತ ಹೇಳ್ಲಿ?”

“ತಪ್ಪ ನಂದರೀ.”

“ತಪ್ಪ ಯಾರದ ಅಂತ ಕೇಳಿಲ್ಲ. ಇನ್ನೊಂದ ಸಲ ದೀಪಾ ಹಚ್ಚಿದ ಮ್ಯಾಲ ಬಂದ್ಲಂದ್ರ, ಮರುದಿನದಿಂದ ಈಕಿ ಬರೂದಿಲ್ಲ. ಅಷ್ಟ.”

ಮುಂದಿನ ಬಸ್ಸಿಗೆ ತಿರುಗಿ ಹೋದ. ರೇಣುಕಾ ನಿಂತಿದ್ದಳು.

“ಪರೀಕ್ಷಾಕ್ಕ ಮೂರ ತಿಂಗಳ ಅದಾವ್ರಿ ಅಣ್ಣಾರ,” ಎಂದಳು. “ಮೂರ ತಿಂಗಳ ಬಸ್ಸೊಂದ ಹೊತ್ತಿಗೆ ಬಿಡಸ್ರಿ. ಮತ್ತೇನೂ ಬ್ಯಾಡ.”

ಬೇಡಿಕೊಳ್ಳಲಿಲ್ಲ. ಗಿರಣಿಗೆ ಬಂದು ಸಣ್ಣಗೆ ಬೀಸಿರಿ ಎಂದು ಹೇಳುತ್ತಾರಲ್ಲ, ಹಾಗೆ ಹೇಳಿದಳು. ಎಂಟು ವರ್ಷದಲ್ಲಿ ಸಾಹೇಬರು ಕೊಟ್ಟ ಯಾವ ಆರ್ಡರೂ ನನಗೆ ಹಾಗೆ ನಾಟಿಲ್ಲ.

ಅವತ್ತಿನಿಂದ ಪೀಪಿ ಬಿಟ್ಟೆ. ಮೊದಲು ಸ್ಟೀಲಿನ ತಾಟು ಬಡಿದೆ. ಊಟಕ್ಕೆ ಕರೆದರು ಎಂದು ಒಳಗೆ ಎರಡು ಟೀಮು ಎದ್ದು ನಿಂತವು. ತಾಟನ್ನೂ ಬಿಟ್ಟು ಕೆಂಪು ಟವೆಲ್ ಹಿಡಿದೆ. ಟವೆಲಿಗೆ ಸದ್ದಿಲ್ಲ. ಕೈ ನೋಯುತ್ತದೆ ಅಷ್ಟೇ.

ಇನ್ನೊಂದು ಕಲಿತೆ. ಅಲ್ಲಿಯವರೆಗೆ ನಾನು ಗಡಿಯಾರ ನೋಡುತ್ತಿದ್ದೆ. ಮ್ಯಾಚ್ ದಿನ ಗಡಿಯಾರ ಉಪಯೋಗಕ್ಕೆ ಬರುವುದಿಲ್ಲ. ಗೆದ್ದವರು ಏಳುವುದಿಲ್ಲ, ಕುಣಿಯುತ್ತ ಅಲ್ಲೇ ಇರುತ್ತಾರೆ. ಸೋತ ಊರಿನವರು ಮಾತ್ರ ಒಂದೇ ಸಲ ಎದ್ದು, ಮಾರಿ ಕೆಳಗೆ ಹಾಕಿ, ಟ್ರ್ಯಾಕ್ಟರ್ ಹತ್ತುತ್ತಾರೆ. ರಸ್ತೆ ಕಟ್ಟುವವರು ಅವರು. ಹಾಗಾಗಿ ನಾನು ರಸ್ತೆಗೆ ಮಾರಿ, ಒಳಗಿನ ಮೈಕಿಗೆ ಕಿವಿ ಕೊಟ್ಟು ನಿಲ್ಲತೊಡಗಿದೆ. ಯಾರು ಸೋಲುತ್ತಿದ್ದಾರೆ ಎಂದು ಗೊತ್ತಾದರೆ, ಯಾವ ಕಡೆಯ ಟ್ರ್ಯಾಕ್ಟರ್ ಮೊದಲು ಹೊರಡುತ್ತವೆ ಎಂದು ಗೊತ್ತಾಗುತ್ತದೆ. ಹೀಗೆ ಎರಡು ಮ್ಯಾಚ್ ದಿನ ಬಸ್ಸು ಹೊತ್ತಿಗೆ ಬಿಡಿಸಿದೆ.

ಫೆಬ್ರವರಿಯಲ್ಲಿ ದೊಡ್ಡ ಟೂರ್ನಮೆಂಟ್ ಬಂತು. ಕಡೆಯ ದಿನದ ಪಟ್ಟಿ ನೋಡಿ ತಲೆ ಹಿಡಿದುಕೊಂಡೆ. ಸೆಮಿಫೈನಲ್ ಮುಗಿಯುವುದು ಸರಿಯಾಗಿ ಐದೂವರೆಯ ಸುಮಾರಿಗೆ. ಸೋತವರು ಎದ್ದು ಬರುವುದಕ್ಕೂ ಬಸ್ಸು ಬರುವುದಕ್ಕೂ ಒಂದೇ ಹೊತ್ತು. ಅದಾದ ಮೇಲೆ ಅತಿಥಿಗಳಿಗೆ ಸನ್ಮಾನ, ಆಮೇಲೆ ಫೈನಲ್.

ಮೈಕಿನವನು ವೀರೇಶ, ಏಳನೇತ್ತೆವರೆಗೆ ನನ್ನ ಜೊತೆ ಕೂತವನು. ಮೈಕ್ ಸೆಟ್ ಅಂಗಡಿ ಅವನದೇ, ಮಾತೂ ಅವನದೇ. ಬೆಳಿಗ್ಗೆಯೇ ಹೋಗಿ ಹಿಡಿದೆ.

“ವೀರ್ಯಾ, ಸೆಮಿಫೈನಲ್ ಮುಗದ ಕೂಡ್ಲೆ ಸೋತ ಊರಿನ ಹಿರ್ಯಾರಿಗೆ ಸನ್ಮಾನ ಇಡು.”

“ಸೋತಾವ್ರಿಗೆ ಸನ್ಮಾನ ಎಲ್ಲಿ ಕಂಡೀಯಲೇ?”

“ಸೋತಾವ್ರು ಹುಡುಗ್ರು. ಹಿರ್ಯಾರೇನ ಸೋತಿಲ್ಲಲ್ಲ? ತಮ್ಮ ಊರ ಹಿರ್ಯಾ ಸ್ಟೇಜಿನ ಮ್ಯಾಲ ಇದ್ದಾಗ ಯಾವ ಮಗಾ ಎದ್ದ ಹೋಗ್ತಾನ ನೋಡೋಣು.”

ವೀರೇಶ ತಲೆ ಕೆರೆದುಕೊಂಡ. “ಶಾಲು? ಹನ್ನೊಂದ ಅದಾವ. ಎಲ್ಲಾ ಗೆಸ್ಟಿಗೆ.”

“ಒಂದ ಸಾಕು. ಹೊಚ್ಚು, ಫೋಟೋ ತಗಿ, ಬಿಚ್ಚು. ಮುಂದಿನಾವಗ ಹೊಚ್ಚು.”

“ಎಷ್ಟೊತ್ತನ ಎಳೀಲಿ?”

“ಬಸ್ ದಾಟೂತನಾ. ದಾಟಿದ ಕೂಡ್ಲೆ ಗೇಟಿನ್ಯಾಗ ನಿಂತ ಕೆಂಪ ಟವೆಲ್ ಬೀಸ್ತೀನಿ. ಬೀಸೂತನಾ ಬಿಡಬ್ಯಾಡ.”

“ನಿನ್ನ ಸಂಬಂಧ ನನ್ನ ಮರ್ಯಾದಿ ಹೋಗತೈತಿ,” ಎಂದ. ಆದರೆ ಮೈಕಿನ ಮುಂದೆ ಹೆಚ್ಚು ಹೊತ್ತು ನಿಲ್ಲುವ ಅವಕಾಶ ಬಿಡುವವನಲ್ಲ ಅವನು.

ಸಂಜೆ ಐದೂ ಇಪ್ಪತ್ತೈದಕ್ಕೆ ಸೆಮಿಫೈನಲ್ ಮುಗಿಯಿತು. ಸೋತದ್ದು ಮುತ್ತ್ಯಾನ ಟೀಮೇ, ಒಂದೇ ಪಾಯಿಂಟಿನಲ್ಲಿ. ಜನ ಎದ್ದರು. ಅಷ್ಟರಲ್ಲಿ ಮೈಕು ಹೇಳಿತು: “ಯಾರೂ ಏಳಬಾರದು. ದೂರದಿಂದ ಬಂದು ನಮ್ಮ ಮೈದಾನಕ್ಕೆ ಶೋಭೆ ತಂದ ಊರಿನ ಹಿರಿಯರಿಗೆ ಈಗ ಗೌರವ ಸನ್ಮಾನ.” ಎದ್ದವರು ಒಬ್ಬರ ಮಾರಿ ಒಬ್ಬರು ನೋಡಿ, ಹಾಗೇ ಕೂತರು.

ರಸ್ತೆ ಖಾಲಿ. ಎಂಟು ವರ್ಷದಲ್ಲಿ ಮ್ಯಾಚ್ ದಿನ ಆ ಹೊತ್ತಿನಲ್ಲಿ ಅಷ್ಟು ಖಾಲಿ ರಸ್ತೆ ನಾನು ನೋಡಿಲ್ಲ. ಬಸ್ಸು ಬಂತು, ತಿರುಗಿತು, ಹುಡುಗಿಯರು ಹತ್ತಿದರು. ಒಳಗೆ ಶಾಲು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹೋಗುತ್ತಿತ್ತು.

ಆಗ ಗೇಟಿನಿಂದ ಮುತ್ತ್ಯಾ ಒಬ್ಬನೇ ಹೊರಗೆ ಬಂದ. ಟ್ರ್ಯಾಕ್ಟರ್ ಹತ್ತಿ ಶುರು ಮಾಡಿದ. ನಾನು ಓಡಿಹೋಗಿ ಮುಂದೆ ನಿಂತೆ. ಆಗಲೇ ಅರ್ಧ ರಸ್ತೆಗೆ ಬಂದಿದ್ದ.

“ಮುತ್ತ್ಯಾ, ಐದ ನಿಮಿಷ ತಡಿ. ಬಸ್ ಹೋಗ್ಲಿ.”

“ದಾರಿ ಬಿಡು ಅಣ್ಣಾ. ಒಳಗ ಮಾರಿ ತೋರಸಾಕ ಆಗವಲ್ದು. ಮನೀಗ ಹೋಗ್ತೀನಿ.”

“ನಿಮ್ಮ ಮಂದೀನ ಬಿಟ್ಟ ಹೋಗ್ತೀಯೇನು?”

“ನಡಕೋತ ಬರ್ಲಿ. ನನ್ನ ಬೈದಾವ್ರು ಅವರ ಅದಾರ.”

ಅಷ್ಟರಲ್ಲಿ ಮೈಕು ಅವನ ಅಪ್ಪನ ಹೆಸರು ಕರೆಯಿತು. ಮುತ್ತ್ಯಾನ ಕೈ ಸ್ಟೇರಿಂಗ್ ಮೇಲೆ ನಿಂತಿತು.

“ನಮ್ಮಪ್ಪಗ? ಸನ್ಮಾನ?”

“ಹೌದಪಾ. ಟ್ರ್ಯಾಕ್ಟರ್ ಬಾಜೂಕ ಸರಿಸಿ ನಿಂದರಿಸಿ, ಆಮ್ಯಾಲ—”

ನನ್ನ ಮಾತು ಮುಗಿಯಲಿಲ್ಲ. ಎಂಜಿನ್ ಬಂದ್ ಮಾಡಿ, ಕೀಲಿ ಕಿತ್ತು, ಓಡುತ್ತಲೇ ಅದನ್ನು ಉಡದಾರಕ್ಕೆ ಬಿಗಿದುಕೊಂಡು, ಮೊಬೈಲು ಎತ್ತಿ ಹಿಡಿದು ಒಳಗೆ ಹೋದ. ಟ್ರ್ಯಾಕ್ಟರ್ ರಸ್ತೆಗೆ ಅಡ್ಡ. ಟ್ರೇಲರ್ ಅಡ್ಡ. ಬಸ್ಸು ಅದರ ಹಿಂದೆ. ಎರಡು ತಿಂಗಳ ಹಿಂದೆ ನಿಂತ ಜಾಗದಲ್ಲೇ, ಅದೇ ಟ್ರ್ಯಾಕ್ಟರ್. ನನ್ನ ಶಾಣ್ಯಾತನ ನನ್ನ ಕಾಲಿಗೇ ಬಿತ್ತು.

ಹನಮಂತಣ್ಣ ಬಸ್ಸಿನಿಂದ ಕೂಗಿದ, “ಈಗೇನ ಮಾಡ್ತೀಯಲೇ ಶರಣ್ಯಾ?”

ಅಷ್ಟರಲ್ಲಿ ರೇಣುಕಾ ಇಳಿದಳು. ಚೀಲ ಸೀಟಿನ ಮೇಲೆ ಒಗೆದು, ಓಡಣಿಯನ್ನು ಸೊಂಟಕ್ಕೆ ಕಟ್ಟಿದಳು.

“ಕೀಲಿ ಇಲ್ಲಂದ್ರ ನೂಕಾಕೂ ಬರೂದಿಲ್ಲೇನ್ರಿ?”

ನಾನು ಹತ್ತಿ ಗೇರು ಬಿಡಿಸಿದೆ, ಬ್ರೇಕು ಬಿಡಿಸಿದೆ. ಅವಳ ಹಿಂದೆ ಉಳಿದ ಹುಡುಗಿಯರೂ ಇಳಿದರು. ಗಂಡಸರು ಇನ್ನೂ ಕಿಟಕಿಯಲ್ಲೇ ಇದ್ದರು. ಬಿಳಿ ಅಂಗಿಯವನೊಬ್ಬ “ಡ್ರೈವರ್ ಬರ್ತಾನ ತಡೀರಿ” ಎಂದ.

“ಅಂಗಿ ಹೊಲಸಾಕ್ಕೈತೇನ್ರಿ ಕಾಕಾ? ಒಗದ ಕೊಡ್ತೀವಿ, ಇಳೀರಿ!” ಎಂದಳು ರೇಣುಕಾ.

ಬಸ್ಸು ಖಾಲಿಯಾಯಿತು. ಒಬ್ಬನನ್ನು ಸ್ಟೇರಿಂಗಿಗೆ ಕೂರಿಸಿದೆ. ಎಲ್ಲರೂ ಟ್ರೇಲರಿಗೆ ಹೆಗಲು ಕೊಟ್ಟರು. ಮೊದಲ ಸಲ ಅಲ್ಲಾಡಲಿಲ್ಲ. ಎರಡನೇ ಸಲ ಗಾಲಿ ಅರ್ಧ ತಿರುಗಿತು. ಮೂರನೇ ಸಲಕ್ಕೆ ಟ್ರ್ಯಾಕ್ಟರ್ ಗೋಡೆಯ ಕಡೆ ಸರಿಯಿತು. ಬಸ್ಸು ಹೋಗುವಷ್ಟು ದಾರಿ ಆಯಿತು. ಎಲ್ಲರೂ ಕೈ ಬಿಟ್ಟು ಚಪ್ಪಾಳೆ ಹೊಡೆದರು.

ಅಲ್ಲಿ ಸ್ವಲ್ಪ ಇಳಿಜಾರು ಇದೆ. ಕೈ ಬಿಟ್ಟ ಕೂಡಲೇ ಟ್ರೇಲರ್ ಹಿಂದಕ್ಕೆ ಬಂತು, ಸ್ಟೇರಿಂಗಿನಲ್ಲಿ ಕೂತವನಿಗೆ ಬ್ರೇಕು ಸಿಗಲಿಲ್ಲ. ಗಾಲಿಗೆ ಕಲ್ಲು ಇಡಲು ನಾನು ಬಗ್ಗಿದೆ. ಕಲ್ಲು ಇಟ್ಟೆ, ಟ್ರೇಲರ್ ನಿಂತಿತು. ಆದರೆ ನಿಲ್ಲುವ ಮೊದಲು ನನ್ನ ಎಡ ಮೊಣಕಾಲನ್ನು ಗೋಡೆಗೆ ಒತ್ತಿತ್ತು. ಕಟ್ ಎಂದಿತು. ಸದ್ದು ಕಾಲಿನದೋ ಕಲ್ಲಿನದೋ ಮೊದಲು ತಿಳಿಯಲಿಲ್ಲ.

“ಅಣ್ಣಾರ!” ರೇಣುಕಾ ಓಡಿ ಬಂದಳು.

“ಏನೂ ಆಗಿಲ್ಲ. ಬಸ್ ಹತ್ತು.”

“ಕಾಲ ನೋಡ್ರಿ ಹ್ಯಾಂಗ—”

“ಹತ್ತು ಅಂದ್ನಲ್ಲ! ನೀ ಇಲ್ಲೇ ನಿಂತ್ರ ನಾ ಯಾಕ ಕಾಲ ಮುರಕೊಂಡೆ?”

ಹತ್ತಿದಳು. ಬಸ್ಸು ಹೊರಟಾಗ ಐದೂ ಐವತ್ತು. ಮಿರ್ಚಿ ಗಾಡಿಯವನು ನನ್ನನ್ನು ಎತ್ತಿ ಸೇತುವೆಯ ಕಟ್ಟೆಯ ಮೇಲೆ ಕೂರಿಸಿದ. ಮೊಣಕಾಲು ಕುಂಬಳಕಾಯಿ ಆಗಿತ್ತು.

ಕೂತ ಮೇಲೆ ನೆನಪಾಯಿತು. ಟವೆಲ್. ಗೇಟಿಗೆ ಹೋಗಿ ಬೀಸಬೇಕಿತ್ತು. ಏಳಲು ಬರಲಿಲ್ಲ. ಕೂತಲ್ಲೇ ಬೀಸಿದೆ. ಸ್ಟೇಜಿಗೆ ಕಾಣಲಿಲ್ಲ.

ಒಳಗೆ ವೀರೇಶ ಕೊಟ್ಟ ಮಾತಿಗೆ ನಿಂತಿದ್ದ. ಸೋತ ಊರಿನ ಹಿರಿಯರು ಮುಗಿದರು. ಗೆದ್ದ ಊರಿನ ಹಿರಿಯರನ್ನು ಕರೆದ. ಅಂಪೈರನ್ನು ಕರೆದ. ಅಂಕಣಕ್ಕೆ ಸುಣ್ಣದ ಗೆರೆ ಹಾಕಿದವನನ್ನು ಕರೆದ, ಕುಡಿಯುವ ನೀರು ತಂದ ಟ್ಯಾಂಕರಿನವನನ್ನು ಕರೆದ. ಸಾಹೇಬರು ಸ್ಟೇಜಿನ ಮೇಲೆ ತಮ್ಮ ಸರದಿ ಕಾಯುತ್ತ ಕೂತಿದ್ದರಂತೆ. ಟ್ಯಾಂಕರಿನವನಿಗೆ ಶಾಲು ಹೊದಿಸುವುದನ್ನು ನೋಡಿ ಅವರ ಮಾರಿ ಕೆಂಪಾಯಿತಂತೆ. ಕಡೆಗೆ ಹೆಸರುಗಳೇ ಮುಗಿದು ಮೈಕ್ ಕೂಗಿತು: “ಹೊರಗೆ ಬಿಸಿಲಿನಲ್ಲಿ ನಿಂತು ನಮ್ಮ ರಸ್ತೆ ಕಾಯುವ ಶರಣಪ್ಪನವರು ವೇದಿಕೆಗೆ ಬರಬೇಕು. ಶರಣಪ್ಪನವರು. ಎಲ್ಲಿದ್ದರೂ ಬರಬೇಕು.”

ನಾನು ಕಟ್ಟೆಯ ಮೇಲೆ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಎರಡು ಸಲ ಕರೆದರು, ಹೋಗಲಿಲ್ಲ. ಸನ್ಮಾನಕ್ಕೆ ಕರೆದರೆ ಬರದವನು ಎಂದು ಅವತ್ತೇ ಹೆಸರು ಬಂತು.

ನನ್ನನ್ನು ಹುಡುಕಿಕೊಂಡು ಮೊದಲು ಹೊರಗೆ ಬಂದವರು ಮುತ್ತ್ಯಾ ಮತ್ತು ಅವನ ಅಪ್ಪ. ಮುದುಕ ಸಿಟ್ಟಿನಲ್ಲಿದ್ದ. “ಶಾಲ ಹೊಚ್ಚಿ ವಾಪಸ್ ಇಸ್ಕೊಂಡ್ರಲೋ ತಮ್ಮಾ! ಇದೆಂಥಾ ಪದ್ಧತಿ?” ಮುತ್ತ್ಯಾ ಗೋಡೆಯ ಕಡೆ ಸರಿದ ಟ್ರ್ಯಾಕ್ಟರ್ ನೋಡಿದ, ಕಲ್ಲು ನೋಡಿದ, ನನ್ನ ಕಾಲು ನೋಡಿದ. ನನ್ನನ್ನು ಎತ್ತಿ ಟ್ರೇಲರಿನಲ್ಲಿ ಹಾಕಿದ. ಆಮೇಲೆ ಸೊಂಟಕ್ಕೆ ಕೈ ಹಾಕಿ ಕೀಲಿ ತೆಗೆದ. ಗಂಟು ಬಿಚ್ಚಲು ಬರುವುದಿಲ್ಲ ಎಂದಿದ್ದ ಮಗ, ಒಂದೇ ಎಳೆತಕ್ಕೆ ಬಿಚ್ಚಿದ. ಕಾಲಿಗಿಂತ ಅದು ಹೆಚ್ಚು ಉರಿಯಿತು.

ದವಾಖಾನೆಯಲ್ಲಿ ಮಲಗಿದ್ದಾಗ ಹನಮಂತಣ್ಣನ ಫೋನ್ ಬಂತು.

“ಬೆಳವಣಕಿ ಮುಟ್ಟೀನಿ. ಇನ್ನ ಬೆಳಕ ಐತಿ. ನಿಂಗಪ್ಪ ಸ್ಟಾಪಿನ್ಯಾಗ ನಿಂತಿದ್ದ.”

“ಏನಂದಾ?”

“ಹೊತ್ತ ನೋಡ್ದ, ಮಗಳ ಚೀಲಾ ಇಸ್ಕೊಂಡ, ಮನೀ ಕಡೆ ನಡದ. ಕಾಲ ಹ್ಯಾಂಗ ಐತಿ?”

“ಐತಿ,” ಎಂದೆ.

ಸಾಹೇಬರು ಬರೆದು ಕೊಡು ಎಂದರು: ಮಾಲಕನನ್ನು ಕೇಳದೆ ವಾಹನ ಯಾಕೆ ನೂಕಿಸಿದೆ, ಸನ್ಮಾನದ ಪಟ್ಟಿ ಯಾಕೆ ಕೆಡಿಸಿದೆ. ಬರೆದು ಕೊಟ್ಟೆ. ಆ ಕಾಗದದ ಮೇಲೆ ಏನೂ ಆಗಲಿಲ್ಲ. ಆಗುವ ಮೊದಲೇ ಡಾಕ್ಟರು, ಇನ್ನು ತಾಸುಗಟ್ಟಲೆ ನಿಲ್ಲುವ ಕೆಲಸ ಬೇಡ ಎಂದರು. ಖಾಕಿ, ಟೊಪ್ಪಿಗೆ, ಲಾಠಿ ತಿರುಗಿ ಕೊಟ್ಟೆ. ಪೀಪಿ ಮಾತ್ರ ಕೊಡಲಿಲ್ಲ, ಅದು ಊದಿ ನೋಡಿದ ದಿನದಿಂದ ಆ ಅಂಪೈರ್ ಹತ್ತಿರವೇ ಇದೆ. ವೀರೇಶ ಮನೆಗೆ ಬಂದು ಶಾಲು ಕೊಟ್ಟುಹೋದ. ಅದೇ ಶಾಲು, ಅಷ್ಟೂ ಮಂದಿಯ ಬೆವರಿನ ವಾಸನೆ ಸಮೇತ. ಗಿರಣಿಯಲ್ಲಿ ಹಿಟ್ಟು ಒರೆಸಲು ಚೆನ್ನಾಗಿದೆ.

ರೇಣುಕಾ ಪರೀಕ್ಷೆ ಬರೆದಳು, ಪಾಸಾದಳು. ಈಗ ರೋಣದಲ್ಲೇ ಒಂದು ಸಾಲಿಯಲ್ಲಿ ಟೀಚರ್. ಇನ್ನೂ ಅದೇ ಐದೂವರೆ ಬಸ್ಸಿಗೆ ಹೋಗುತ್ತಾಳೆ. ಮೊನ್ನೆ ಮ್ಯಾಚ್ ಇತ್ತು. ಸಂಜೆ ಧುಮುಧುಮು ಗಿರಣಿಗೆ ಬಂದಳು.

“ಅಣ್ಣಾರ, ಮತ್ತ ಟ್ರ್ಯಾಕ್ಟರ್ ಅಡ್ಡ ನಿಂತೈತ್ರಿ. ಹೊಸಾ ಹುಡುಗಾ ಪೀಪಿ ಊದಾಕತ್ತಾನ, ಒಳಗ ಮ್ಯಾಚ್ ನಿಂತೈತಿ.”

“ನಾ ರಿಟೈರ್ ಆಗೀನಿ ತಂಗಿ.”

“ಹಂಗಾರ ಬರದರ ಕೊಡ್ರಿ. ಓದ್ಲಿ ಅವು.”

ಬರೆದೆ. ಕಾಗುಣಿತ ಅವಳೇ ತಿದ್ದಿದಳು. ತಿದ್ದುವಾಗ ನನ್ನ ಬೈಗುಳಗಳನ್ನೆಲ್ಲ ಹೊಡೆದುಹಾಕಿದಳು. ಬೈಗುಳ ತೆಗೆದರೆ ಮ್ಯಾಚ್ ಡ್ಯೂಟಿಯ ಬಗ್ಗೆ ಉಳಿಯುವುದು ಇಷ್ಟೇ. ಇನ್ನು ನನ್ನ ಹತ್ತಿರ ಹೇಳಲು ಏನೂ ಇಲ್ಲ.